ಗ್ರೈಂಡರಿನ ಮೋಟಾರು, ಅರಿಶಿನದ ಆನೆ

ಮಂಡಿ ಮೊಹಲ್ಲಾದ ನಮ್ಮ ಕಾರ್ಖಾನೆಯ ಬಾಗಿಲು ಎಷ್ಟು ಕಿರಿದೆಂದರೆ, ಹಬ್ಬದೂಟ ಜಾಸ್ತಿಯಾದ ದಿನ ನಮ್ಮ ಮನೆಯವರು ಓರೆಯಾಗಿ ಒಳಗೆ ಹೋಗುತ್ತಾರೆ. ಕಾರ್ಖಾನೆ ಅನ್ನುವುದು ನಾವಿಟ್ಟುಕೊಂಡ ಹೆಸರು. ಇರುವುದು ಉದ್ದನೆಯ ಒಂದು ಕೋಣೆ, ಹಿಂದೆ ಒಂದು ಪುಟ್ಟ ಅಂಗಳ, ಅಷ್ಟೇ. ಬೀಟೆ ಮರದ ಹಲಗೆಯೊಳಗೆ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಅಲ್ಲಿ ಆನೆ, ನವಿಲು, ಎತ್ತಿನ ಗಾಡಿ ಮಾಡುತ್ತೇವೆ. ಇನ್‌ಲೇ ವರ್ಕ್. ಮೈಸೂರಿಗೆ ಬಂದವರು ಕೊಂಡುಹೋಗಿ ಡ್ರಾಯಿಂಗ್ ರೂಮಿನ ಗೋಡೆಗೆ ಹಾಕಿಕೊಳ್ಳುತ್ತಾರಲ್ಲ, ಅದು.

ಮಾಡುತ್ತೇವೆ ಎಂದು ಬರೆದೆ. ಟು ಬಿ ಫ್ರಾಂಕ್, ನಾನೇನೂ ಮಾಡುತ್ತಿರಲಿಲ್ಲ. ನಮ್ಮ ಮನೆಯವರು ಚಿತ್ರ ಬರೆದು, ಸಣ್ಣ ಗರಗಸದಲ್ಲಿ ಚೂರುಗಳನ್ನು ಕೊಯ್ದು, ಅಂಟು ಹಾಕಿ ಕೂರಿಸುತ್ತಾರೆ. ಮೈದುನ ಮರ ತರುತ್ತಾನೆ, ಆದ ಮಾಲನ್ನು ಅಂಗಡಿಗಳಿಗೆ ಮುಟ್ಟಿಸುತ್ತಾನೆ. ಅವನು ಒಂದು ಕಡೆ ಕಾಲು ನಿಲ್ಲಿಸಿದ್ದನ್ನು ನಾನು ನೋಡಿಲ್ಲ. ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಹಲಗೆ ಉಜ್ಜುತ್ತಾಳೆ. ನಾನು ಕಾನ್ವೆಂಟಿನಲ್ಲಿ ಓದಿದ ಸೊಸೆ ಎಂಬ ಕಾರಣಕ್ಕೆ ಮೂಲೆಯ ಮೇಜಿನಲ್ಲಿ ಕೂತು ಗಿರಾಕಿಗಳಿಗೆ ಇಂಗ್ಲಿಷ್ ಕಾಗದ ಬರೆಯುತ್ತಿದ್ದೆ. ಡಿಯರ್ ಸರ್‌ನಿಂದ ಯುವರ್ಸ್ ಫೇಯ್ತ್‌ಫುಲಿವರೆಗೆ, ನಲವತ್ತೆಂಟು ವರ್ಷ.

ಕಾನ್ವೆಂಟಿನಲ್ಲಿ ನಮಗೆ ಶುಕ್ರವಾರ ಮಧ್ಯಾಹ್ನ ನೀಡಲ್‌ವರ್ಕ್ ಇರುತ್ತಿತ್ತು. ಅದೇ ಹೊತ್ತಿಗೆ ಕಾಂಪೌಂಡಿನ ಆಚೆ ಹುಡುಗರ ಶಾಲೆಯಲ್ಲಿ ಕಾರ್ಪೆಂಟ್ರಿ. ಉಳಿಯ ಮೇಲೆ ಕೊಡತಿ ಬೀಳುವ ಶಬ್ದ ಟಕ್ ಟಕ್ ಎಂದು ಗೋಡೆ ದಾಟಿ ಬರುತ್ತಿತ್ತು. ಅದನ್ನು ಕೇಳುತ್ತಾ ನಾನು ಹೊಲಿದ ಹೆಮ್ ಯಾವಾಗಲೂ ಸೊಟ್ಟ. ಒಂದು ಸಲ ಧೈರ್ಯ ಮಾಡಿ ಸಿಸ್ಟರ್ ಹತ್ತಿರ ಕೇಳಿದೆ, ನಾವೂ ಅದನ್ನು ಕಲಿಯಬಹುದಾ ಎಂದು. ಅವರು ಬೈಯಲಿಲ್ಲ. ಕೆನ್ನೆ ತಟ್ಟಿ, ‘ಉಳಿ ಇಟ್ಟುಕೊಂಡು ನೀನೇನು ಮಾಡ್ತೀಯಾ ಚೈಲ್ಡ್?’ ಅಂದರು. ನನಗೂ ಗೊತ್ತಿರಲಿಲ್ಲ. ಮುಂದೆ ಮದುವೆಯಾಗಿ ಬಂದದ್ದು ಉಳಿ, ಗರಗಸಗಳ ಮನೆಗೇ. ಆದರೂ ಮಾವನವರು ನನ್ನ ಕೈಗೆ ಕೊಟ್ಟದ್ದು ಪೆನ್ನು.

ಓರಗಿತ್ತಿ ನರಸೀಪುರದ ಕಡೆ ಹಳ್ಳಿಯವಳು, ಬೇಸಾಯದ ಮನೆ, ಓದಿದ್ದು ನಾಲ್ಕನೇ ಕ್ಲಾಸು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಬನ್ನಿಮಂಟಪದ ಮನೆಯಲ್ಲಿ ಅವಳ ಸಂಸಾರ ಮೇಲೆ, ನಮ್ಮದು ಕೆಳಗೆ. ಕಾರ್ಖಾನೆಗೆ ಬಂದ ವರ್ಷವೇ ಅವಳು ಉಪ್ಪು ಕಾಗದ ಹಿಡಿದು ಕೂತಳು. ಮೈಮೇಲೆ ಉಪ್ಪು ಚೆಲ್ಲಿದ ಹಾಗೆ ಹರಳಿರುವ ಒರಟು ಕಾಗದ ಅದು. ಚಿತ್ರ ಕೂರಿಸಿದಾಗ ಚೂರುಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ಎಲ್ಲ ಒಂದೇ ಮಟ್ಟಕ್ಕೆ ಬರುವ ತನಕ ಉಜ್ಜಬೇಕು. ಉಜ್ಜಿದ ಮೇಲೆ ಅವಳು ಕಣ್ಣು ಮುಚ್ಚಿ ಹಲಗೆಯ ಮೇಲೆ ಅಂಗೈ ಆಡಿಸುತ್ತಾಳೆ. ‘ಇಲ್ಲಿ ಒಂದ್ ಕೂದ್ಲಷ್ಟು ಎದ್ದದೆ’ ಅನ್ನುತ್ತಾಳೆ. ನಮ್ಮ ಮನೆಯವರು ಕನ್ನಡಕ ಹಾಕಿ ನೋಡಿದರೂ ಅದು ಕಾಣುವುದಿಲ್ಲ. ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ಮಾತ್ರ ಅಲ್ಲೇ ಕೂದಲಷ್ಟು ಎದ್ದಿರುತ್ತದೆ.

ಕಳೆದ ವರ್ಷ ಆಷಾಢದಲ್ಲಿ ಅವಳ ಬಲ ಮಣಿಕಟ್ಟು ಬಾತುಕೊಂಡಿತು. ಲಷ್ಕರ್ ಮೊಹಲ್ಲಾದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಮಣಿಕಟ್ಟನ್ನು ತಿರುಗಿಸಿ ನೋಡಿ, ‘ಈ ಕೈಯಲ್ಲಿ ಇನ್ನು ಉಜ್ಜೋ ಕೆಲಸ ಮಾಡಬೇಡಿ ತಾಯಿ’ ಅಂದುಬಿಟ್ಟರು. ಬರುವಾಗ ಆಟೋದಲ್ಲಿ ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಮನೆ ಮುಂದೆ ಇಳಿಯುವಾಗ ಹೇಳಿದಳು:

‘ಕೈಲಿರೋ ಮಾಲು ಎಡಗೈಲೇ ಮುಗಿಸ್ಕೊಡ್ತೀನಿ. ದಸರಾ ಆದ್ಮೇಲೆ ನಾನು ಕಾರ್ಖಾನೆಗೆ ಬರಲ್ಲ ಕಣಕ್ಕ.’

‘ಬರದೆ ಮನೇಲಿ ಏನು ಮಾಡ್ತೀಯೇ?’

‘ಏನೋ ಒಂದು. ಉಜ್ಜಕ್ಕಾಗ್ದೇ ಇರೋಳು ಅಲ್ಲಿ ಬಂದು ಕೂತ್ಕೊಂಡು ನಿಮ್ಮೆಲ್ಲರ ಮುಖ ನೋಡ್ಲಾ?’

ಆ ಉದ್ದ ಕೋಣೆಯಲ್ಲಿ ನಲವತ್ತು ವರ್ಷ ಅವಳ ಸರ್‌ ಸರ್ ಸದ್ದಿನ ಪಕ್ಕದಲ್ಲೇ ನಾನು ಕಾಗದ ಬರೆದಿದ್ದೇನೆ. ಹನ್ನೊಂದು ಗಂಟೆಗೆ ಅವಳು ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿ ಕುಡಿದಿದ್ದೇನೆ. ಅವಳಿಲ್ಲದ ಕಾರ್ಖಾನೆ ಹೇಗಿರುತ್ತದೆ ಎಂದು ಯೋಚಿಸಲು ಹೋಗಿ, ಬೇಡ ಎಂದು ನಿಲ್ಲಿಸಿದೆ. ಬದಲಿಗೆ ಫೋನ್ ತೆಗೆದು, ಕೈ ಹಾಕದೆ ಮರ ಉಜ್ಜುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಹುಡುಕಿದೆ.

ಯಾವುದೋ ದೇಶದ ಬೋಳು ತಲೆಯ ಮನುಷ್ಯ ತನ್ನ ಗರಾಜಿನಲ್ಲಿ ಡ್ರಮ್ ಸ್ಯಾಂಡರ್ ಕಟ್ಟುವ ವಿಡಿಯೋ ಸಿಕ್ಕಿತು. ಉಪಾಯ ಸರಳ. ಲಟ್ಟಣಿಗೆಯಂಥ ದಪ್ಪ ಮರದ ಉರುಳೆ. ಅದರ ಸುತ್ತ ಉಪ್ಪು ಕಾಗದ. ಉರುಳೆಯನ್ನು ತಿರುಗಿಸಲು ಮೋಟಾರು. ಕೆಳಗೆ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಒಂದು ಮೇಜು. ಹಲಗೆಯನ್ನು ಮೇಜಿನ ಮೇಲಿಟ್ಟು ಒಂದು ಕಡೆಯಿಂದ ತಳ್ಳಿದರೆ ಇನ್ನೊಂದು ಕಡೆ ನುಣ್ಣಗಾಗಿ ಬರುತ್ತದೆ. ಆ ವಿಡಿಯೋವನ್ನು ನಾನು ಆರು ಸಲ ನೋಡಿದೆ. ಏಳನೇ ಸಲ ನಮ್ಮ ಮನೆಯವರಿಗೆ ತೋರಿಸಿದೆ.

‘ಏನ್ ಮೇಡಂ, ಎಪ್ಪತ್ತೆರಡಕ್ಕೆ ಎಂಜಿನಿಯರಿಂಗ್ ಸೇರಿದ್ರಾ?’ ಎಂದರು.

‘ಸೀಟು ಸಿಕ್ತು. ನೀವು ಅಸಿಸ್ಟೆಂಟ್.’

‘ರೆಡಿಮೇಡ್ ಬರುತ್ತಲ್ಲೇ. ತಗೊಂಡ್ರಾಯ್ತು.’

‘ಬರುತ್ತೆ ರೀ. ನಮ್ಮ ಬಾಗಿಲಲ್ಲಿ ನೀವೇ ಹಿಡಿಸಲ್ಲ, ಅದು ಎಲ್ಲಿ ಹಿಡಿಸುತ್ತೆ?’

ಅಳತೆಪಟ್ಟಿ ಹಿಡಿದು ನೋಡಿದರು, ನಿಜವಾಗಿಯೂ ಹಿಡಿಸುತ್ತಿರಲಿಲ್ಲ. ಹಾಗೆ ಶುರುವಾಯಿತು.

ಮೋಟಾರು ಎಲ್ಲಿಂದ ತರುವುದು ಎಂದಾಗ ನನಗೆ ನೆನಪಾದದ್ದು ಮನೆಯ ಸ್ಟೋರ್ ರೂಮಿನ ದೊಡ್ಡ ಗ್ರೈಂಡರ್. ಹನ್ನೊಂದು ಜನ ಒಟ್ಟಿಗೆ ಉಣ್ಣುತ್ತಿದ್ದ ಕಾಲದಲ್ಲಿ ದೋಸೆ ಹಿಟ್ಟು ರುಬ್ಬಿದ್ದು. ಈಗ ಮಿಕ್ಸಿಯೇ ಸಾಕು. ನಾವಿಬ್ಬರೂ ಅದನ್ನು ಮಗ್ಗುಲಾಗಿ ಮಲಗಿಸಿ ಸ್ಕ್ರೂ ಬಿಚ್ಚುತ್ತಿರುವಾಗ ಓರಗಿತ್ತಿ ಬಾಗಿಲಲ್ಲಿ ಬಂದು ನಿಂತಳು.

‘ಅಯ್ಯೋ ಅಕ್ಕಾ! ನನ್ ಗ್ರೈಂಡರ್ ಒಟ್ಟೆ ಬಗ್ದುಬುಟ್ಟಿದ್ದೀರಲ್ಲ!’

‘ಎಂಟು ವರ್ಷದಿಂದ ನೀನು ಅದನ್ನ ಮುಟ್ಟಿಲ್ಲ ಕಣೇ.’

‘ಮುಟ್ದೆ ಇದ್ರೆ ನಂದಲ್ವಾ? ನಮ್ಮಪ್ಪ ಕೊಡ್ಸಿದ್ದು ಅದು.’

‘ನಿನ್ನ ಕೈಗೋಸ್ಕರಾನೇ ಮಾಡ್ತಿರೋದು. ಇದು ಉಜ್ಜುತ್ತೆ, ನಿನ್ನ ಕೈಗೆ ರೆಸ್ಟು.’

ಅವಳು ಬಿಚ್ಚಿಟ್ಟ ಮೋಟಾರನ್ನು ನೋಡಿದಳು, ಆಮೇಲೆ ನನ್ನನ್ನು. ‘ನನ್ ಕೈಗೋ ಅಕ್ಕ, ನನ್ ಜಾಗಕ್ಕೋ?’ ಎಂದು ಮೆಟ್ಟಿಲು ಹತ್ತಿ ಹೋದಳು.

ಅವಳ ಕೈ ಉಳಿಸಲು ಹೊರಟವಳು ಅವಳನ್ನೇ ಕಳೆದುಕೊಳ್ಳುತ್ತೇನಾ ಎಂದು ಭಯವಾಯಿತು. ಆದರೆ ಗ್ರೈಂಡರ್ ಆಗಲೇ ಬಿಚ್ಚಿಯಾಗಿತ್ತು. ಮತ್ತೆ ಜೋಡಿಸಲು ನಮ್ಮಿಬ್ಬರಿಗೂ ಬರುತ್ತಿರಲಿಲ್ಲ.

ಶ್ರಾವಣ, ಭಾದ್ರಪದ ಎರಡು ತಿಂಗಳೂ ಅದೇ ಕೆಲಸ. ಮನೆಯವರು ಪ್ಲೈವುಡ್ಡಿನಲ್ಲಿ ದೋಸೆಯಗಲದ ಬಿಲ್ಲೆಗಳನ್ನು ಕೊಯ್ದರು. ಅವುಗಳ ನಡುವೆ ತೂತು ಕೊರೆದು, ಉಕ್ಕಿನ ಸಲಾಕೆಗೆ ಒಂದೊಂದಾಗಿ ಪೋಣಿಸಿ, ಅಂಟು ಹಚ್ಚಿ ಒತ್ತಿದ್ದು ನಾನು. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ಉಗುರಿನ ಸಂದಿಗೆ ಮರದ ಅಂಟು ಹೋಯಿತು. ಎರಡು ದಿನ ಅದನ್ನು ತೆಗೆಯಲೇ ಇಲ್ಲ ಎಂದರೆ ನಗುತ್ತೀರಿ. ಸಲಾಕೆಯ ಎರಡು ತುದಿಗೂ ಬೇರಿಂಗು, ಒಂದು ತುದಿಗೆ ಪುಲ್ಲಿ, ಪುಲ್ಲಿಯಿಂದ ಮೋಟಾರಿಗೆ ಬೆಲ್ಟು. ಹಳೇ ಬೀರುವಿನ ಬಾಗಿಲೇ ಮೇಜಾಯಿತು. ಒಂದು ಕಡೆ ಕೀಲು, ಇನ್ನೊಂದು ಕಡೆ ತಿರುಗಿಸಿದರೆ ಮೇಲೇಳುವ ಬೋಲ್ಟು.

ಮೊದಲ ಸಲ ಸ್ವಿಚ್ ಹಾಕಿದಾಗ ಉರುಳೆ ಗಡಗಡ ಕುಣಿಯಿತು. ಬಿಲ್ಲೆಗಳು ಪೂರ್ತಿ ದುಂಡಗಿರಲಿಲ್ಲ. ‘ಇದು ಸ್ಯಾಂಡರ್ ಅಲ್ಲ ಕಣೇ, ತಮಟೆ’ ಎಂದರು ಮನೆಯವರು. ನಾನು ಬೋಳು ತಲೆಯವನು ಹೇಳಿದಂತೆ ಮಾಡಿದೆ. ಸಪಾಟಾದ ಹಲಗೆಗೆ ಒರಟು ಉಪ್ಪು ಕಾಗದ ಅಂಟಿಸಿ, ಅದನ್ನು ಮೇಜಿನ ಮೇಲಿಟ್ಟು, ತಿರುಗುತ್ತಿರುವ ಉರುಳೆಗೆ ಸ್ವಲ್ಪ ಸ್ವಲ್ಪವೇ ತಾಗಿಸುತ್ತಾ ಬಂದೆ. ಉಬ್ಬಿದ್ದೆಲ್ಲ ಸವೆದು, ಸಂಜೆಯ ಹೊತ್ತಿಗೆ ಉರುಳೆ ಕಂಬದಷ್ಟು ದುಂಡಗಾಯಿತು. ಆಮೇಲೆ ಅದರ ಸುತ್ತ ಉಪ್ಪು ಕಾಗದದ ಪಟ್ಟಿಯನ್ನು, ಗಾಯಕ್ಕೆ ಬ್ಯಾಂಡೇಜ್ ಸುತ್ತಿದಂತೆ, ಓರೆಯಾಗಿ ಸುತ್ತಿ ತುದಿ ಬಿಗಿದೆ.

ಇಷ್ಟೂ ದಿನ ಓರಗಿತ್ತಿ ತನ್ನ ಜಾಗದಲ್ಲಿ ನಮಗೆ ಬೆನ್ನು ಮಾಡಿ ಕೂತು, ಎಡಗೈಯಲ್ಲಿ ಉಜ್ಜುತ್ತಿದ್ದಳು. ಕಾಫಿ ಕೊಡುತ್ತಿದ್ದಳು, ಮಾತಾಡುತ್ತಿದ್ದಳು, ಆದರೆ ಯಂತ್ರದ ಕಡೆ ಕತ್ತು ತಿರುಗಿಸುತ್ತಿರಲಿಲ್ಲ.

ಟ್ರಯಲ್ ದಿನ ಆನೆಯ ಚಿತ್ರವಿದ್ದ ಒಂದು ವೇಸ್ಟ್ ಹಲಗೆ ತೆಗೆದುಕೊಂಡೆ. ಹಲಗೆಯನ್ನು ಉರುಳೆ ತಿರುಗುವ ದಿಕ್ಕಿಗೆ ಎದುರಾಗಿ ತಳ್ಳಬೇಕು. ನಾನು ಅದರ ಜೊತೆಜೊತೆಗೇ ತಳ್ಳಿದೆ. ವಿಡಿಯೋದಲ್ಲಿ ಅವನು ನಿಂತದ್ದು ಆಚೆ ಕಡೆ, ನಾನು ನಿಂತದ್ದು ಈಚೆ ಕಡೆ. ಅದು ನನ್ನ ತಲೆಗೆ ಹೋಗಿರಲಿಲ್ಲ. ಉರುಳೆ ಹಲಗೆಯನ್ನು ಕಚ್ಚಿ ಎಸೆಯಿತು ನೋಡಿ, ಅದು ತೆರೆದ ಬಾಗಿಲಿನಿಂದ ಸೊಯ್ಯೆಂದು ಹಾರಿ ಬೀದಿಗೆ ಬಿತ್ತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಎದುರಿನ ಬೆಳ್ಳುಳ್ಳಿ ಮಂಡಿಯವರು ಅದನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು.

‘ಅಮ್ಮಾವ್ರೇ, ನಿಮ್ಮಾನೆ ಓಡೋಗ್ತಿತ್ತು. ಇಡ್ಕೊಂಡ್ ಬಂದಿದ್ದೀನಿ, ಕಟ್ಟಾಕ್ಕೊಳಿ.’

ಓರಗಿತ್ತಿಯ ಬೆನ್ನು ಅಲುಗಾಡಿತು. ಸೆರಗು ಬಾಯಿಗಿಟ್ಟುಕೊಂಡು, ಆದರೂ ತಿರುಗದೆ, ‘ಒಬ್ಬ ಮಾವುತ್ನೂ ಬೇಕಾಯ್ತದೆ ನಿಮ್ ಮಿಷನ್‌ಗೆ’ ಅಂದಳು. ಅಂದಿನಿಂದ ನಾನು ತಳ್ಳುವ ಕಡೆ ಚಾಕ್‌ಪೀಸಿನಲ್ಲಿ ದೊಡ್ಡ ಬಾಣದ ಗುರುತು ಬರೆದೆ. ಬಾಗಿಲನ್ನೂ ಹಾಕಿಕೊಂಡೆ.

ದಸರೆಯ ಹೊತ್ತಿಗೆ ಯಂತ್ರ ಬರೀ ಹಲಗೆಗಳನ್ನು ಚೆನ್ನಾಗಿ ಉಜ್ಜುತ್ತಿತ್ತು. ಚಿತ್ರವಿರುವ ಒಳ್ಳೆಯ ಹಲಗೆಯನ್ನು ಹಾಕಲು ನಮಗಿನ್ನೂ ಧೈರ್ಯ ಬಂದಿರಲಿಲ್ಲ; ವಿಜಯದಶಮಿಗೆ ಮಾಡೋಣ ಎಂದುಕೊಂಡೆವು. ಓರಗಿತ್ತಿಯ ಹತ್ತಿರ ಇನ್ನು ಎರಡೇ ಹಲಗೆ ಉಳಿದಿದ್ದವು. ನಾನು ಅವುಗಳನ್ನು ದಿನವೂ ಎಣಿಸುತ್ತಿದ್ದೆ.

ಆಯುಧಪೂಜೆಯ ದಿನ ನಮ್ಮಲ್ಲಿ ಉಳಿ, ಗರಗಸ, ಕೊಡತಿಗಳನ್ನೆಲ್ಲ ತೊಳೆದು ಒರೆಸಿ ಮಣೆಯ ಮೇಲೆ ಸಾಲಾಗಿ ಇಡುತ್ತೇವೆ. ಅರಿಶಿನ ಕುಂಕುಮ ಹಚ್ಚುವುದು ಓರಗಿತ್ತಿ, ಹೂವು ಇಡುವುದು ನಾನು. ಒಮ್ಮೆ ಪೂಜೆಯಾಯಿತೆಂದರೆ ಮಾರನೆಯ ದಿನ ವಿಜಯದಶಮಿಯ ತನಕ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಆ ದಿನ ನಾನು ಹೂವಿನ ಬುಟ್ಟಿ ಇಟ್ಟು, ಅಕ್ಕಪಕ್ಕದ ಅಂಗಡಿಗಳಿಗೆ ಪುರಿ ಸಿಹಿ ಕೊಟ್ಟು ಬರಲು ಹೋದೆ. ವಾಪಸ್ ಬಂದಾಗ ನೋಡುತ್ತೇನೆ, ಯಂತ್ರಕ್ಕೆ ಹೊದಿಸಿದ್ದ ಹಳೇ ಬೆಡ್‌ಶೀಟು ಮಡಿಸಿ ಬದಿಗಿಟ್ಟಿದೆ. ಚೌಕಟ್ಟಿಗೆ, ಮೋಟಾರಿಗೆ, ಬೋಲ್ಟಿಗೆ ಕೂಡ ಕುಂಕುಮದ ಬೊಟ್ಟು. ಮೇಲೆ ನನ್ನ ಬುಟ್ಟಿಯಿಂದಲೇ ತೆಗೆದ ಸೇವಂತಿಗೆ ಹಾರ. ಓರಗಿತ್ತಿ ಹೊಸಲಿನಲ್ಲಿ ಬೂದುಗುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದಳು. ನಾನು ಬುಟ್ಟಿಯಲ್ಲಿ ಉಳಿದ ಹೂವನ್ನು ಉಳಿ, ಗರಗಸಗಳ ಮೇಲಿಟ್ಟೆ.

ವಿಜಯದಶಮಿ ಬೆಳಗ್ಗೆ ಬೇಗನೇ ಹೋದೆವು, ಮೆರವಣಿಗೆಗೆ ರಸ್ತೆ ಮುಚ್ಚುವ ಮೊದಲು ಮನೆ ಸೇರಬೇಕಲ್ಲ. ಮನೆಯವರು ಯಂತ್ರಕ್ಕೆ ಕೈ ಮುಗಿದು, ಒಂದು ದೊಡ್ಡ ಹಲಗೆ ತೆಗೆದರು. ಕಪ್ಪು ಬೀಟೆಯ ಮೇಲೆ ಬೆಳ್ಳಗಿನ ಹಾಲೆ ಮರದಲ್ಲಿ ಮಾಡಿದ ಐರಾವತ. ತಿಂಗಳಿಡೀ ಕೂತು ಕೂರಿಸಿದ್ದು. ನಾನು ಬಾಣದ ಗುರುತು ಎರಡು ಸಲ ನೋಡಿ, ಸ್ವಿಚ್ ಹಾಕಿ, ತಳ್ಳಿದೆ. ಆನೆ ಉರುಳೆಯ ಕೆಳಗೆ ಸರಾಗವಾಗಿ ಹೋಯಿತು. ಆಚೆ ಕಡೆ ಬಂತು.

ಹಳದಿಯಾಗಿ.

ಸೊಂಡಿಲಿನಿಂದ ಬಾಲದ ತನಕ ಅರಿಶಿನ. ‘ಡಿಯರ್ ಮಿ’ ಅಂದೆ.

ಮನೆಯವರು ಹಲಗೆ ಎತ್ತಿ ಬೆಳಕಿಗೆ ಹಿಡಿದು, ಬಹಳ ಗಂಭೀರವಾಗಿ, ‘ಕಾಮಾಲೆ’ ಎಂದರು.

ನಾನು ಬಗ್ಗಿ ಉರುಳೆ ನೋಡಿದೆ. ಉಪ್ಪು ಕಾಗದದ ಉದ್ದಕ್ಕೂ, ಸುತ್ತಲೂ, ನಾಲ್ಕು ಬೆರಳಿನಲ್ಲಿ ಧಾರಾಳವಾಗಿ ಬಳಿದ ಅರಿಶಿನ. ನಿನ್ನೆ ಹಾರದ ಕೆಳಗೆ ಅದು ನನಗೆ ಕಂಡಿರಲಿಲ್ಲ. ಓರಗಿತ್ತಿಯ ಕಡೆ ತಿರುಗಿದೆ. ಅವಳು ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು.

‘ಅದಕ್ಯಾಕೆ ಹಚ್ಚಿದೆ ಕಣೇ?’

‘ಕೆಲ್ಸ ಮಾಡೋದು ಅದೇ ಅಲ್ವಾ ಅಕ್ಕ? ಅದರ ಕೈ ಅದು. ಮೈಗೆಲ್ಲಾ ಇಕ್ಬುಟ್ಟು ಕೈಗೆ ಇಕ್ದೇ ಇದ್ರೆ ಎಂಗೆ?’

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಮನೆಯವರು, ‘ಇನ್ನೊಂದು ಸಲ ಉಜ್ಜಿದ್ರೆ ಹೋಗುತ್ತೇನೋ’ ಎಂದು ಹಲಗೆಯನ್ನು ಮತ್ತೆ ಮೇಜಿನ ಮೇಲಿಡಲು ಹೋದರು.

‘ಬ್ಯಾಡಿ ಭಾವ!’ ಓರಗಿತ್ತಿ ಎರಡೇ ಹೆಜ್ಜೆಗೆ ಬಂದು ಹಲಗೆ ಕಿತ್ತುಕೊಂಡಳು. ಮೊಳಕಾಲ ಮೇಲಿಟ್ಟು, ಕಣ್ಣು ಮುಚ್ಚಿ, ಎಡ ಅಂಗೈ ಆಡಿಸಿದಳು. ಆನೆಯ ಬೆನ್ನು, ಕಿವಿ, ಕಾಲುಗಳ ನಡುವೆ. ನಾವಿಬ್ಬರೂ ಪರೀಕ್ಷೆಯ ರಿಸಲ್ಟಿಗೆ ಕಾದವರ ಹಾಗೆ ನಿಂತಿದ್ದೆವು.

‘ಸಮ ಬಂದದೆ’ ಅಂದಳು. ಆಮೇಲೆ, ತನಗೇ ಆಶ್ಚರ್ಯವಾದಂತೆ, ‘ಒಂದೇ ಸಮ ಬಂದದೆ ಕಣಕ್ಕ. ಇನ್ನು ಉಜ್ಜಿದ್ರೆ ಚೂರು ತೆಳ್ಳಗಾಗಿ ಕಿತ್ತೋಯ್ತದೆ. ಅರಿಶ್ನ ತಾನೇ? ಬಿಸ್ಲಿಗಿಟ್ರೆ ಓಯ್ತದೆ.’

‘ಮರದಿಂದ?’

‘ಪ್ರತಿ ಮದ್ವೆ ಆದ್ಮೇಲೂ ಬಿಳೀ ಪಂಚೆ ಒಗ್ದಿದ್ದೀನಿ. ಸೋಪಿಗೆ ಓಗಲ್ಲ, ಬಿಸ್ಲಿಗೆ ಓಯ್ತದೆ. ಪಂಚೆಗೆ ಓದ್ರೆ ಮರಕ್ಕೂ ಓಗ್ಬೇಕು.’

ಆದರೆ ಬೀಟೆಯನ್ನು ಬಿಸಿಲಿಗೆ ಬಿಟ್ಟರೆ ಡೊಂಕಾಗುತ್ತದೆ. ಅದಕ್ಕೂ ಅವಳ ಹತ್ತಿರ ಉಪಾಯವಿತ್ತು. ನ್ಯೂಸ್ ಪೇಪರನ್ನು ನಾಲ್ಕು ಮಡಿಕೆ ಮಾಡಿ, ನಮ್ಮ ಮನೆಯವರ ಕೈಯಲ್ಲಿ ಆನೆಯ ಆಕಾರಕ್ಕೆ ಕತ್ತರಿಸಿ ಕಿಂಡಿ ಮಾಡಿಸಿದಳು. ಆನೆ ಮಾತ್ರ ಬಿಸಿಲಿಗೆ, ಉಳಿದದ್ದು ಮರೆಗೆ. ‘ಇಂಗ್ಲಿಷ್ ಪೇಪರ್ರೇ ಕೊಡಿ ಅಕ್ಕ, ಪುಟ ಜಾಸ್ತಿ ಇರ್ತದೆ’ ಎಂದಳು.

ಅಷ್ಟರಲ್ಲಿ ಹೊತ್ತಾಗಿತ್ತು. ಹಲಗೆಯನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಆಟೋದಲ್ಲಿ ಮೂವರೂ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೆವು. ರಸ್ತೆಯ ಎರಡೂ ಬದಿಯಲ್ಲಿ ಜನ ಆಗಲೇ ಜಾಗ ಹಿಡಿದು ಕೂತಿದ್ದರು. ಪೊಲೀಸಿನವನೊಬ್ಬ ಬ್ಯಾರಿಕೇಡ್ ಎಳೆಯುತ್ತಿದ್ದವನು ಬಗ್ಗಿ ನೋಡಿದ.

‘ಏನ್ ಸ್ವಾಮಿ ಅದು?’

‘ಆನೆ’ ಎಂದರು ಮನೆಯವರು. ‘ಬನ್ನಿಮಂಟಪಕ್ಕೆ ಹೋಗ್ಬೇಕು.’

ಅವನು ನಕ್ಕು ಬಿಟ್ಟುಬಿಟ್ಟ. ಆ ವರ್ಷ ಅಂಬಾರಿಗಿಂತ ಮೊದಲು ಬನ್ನಿಮಂಟಪ ಸೇರಿದ್ದು ನಮ್ಮ ಹಳದಿ ಆನೆ.

ಮನೆಯ ತಾರಸಿಯ ಮೇಲೆ ಚಾಪೆ ಹಾಸಿ ಹಲಗೆ ಇಟ್ಟೆವು. ಓರಗಿತ್ತಿ ಕೊಡೆ ಹಿಡಿದು ಕಾವಲು ಕೂತಳು. ನಾನೂ ಮಣೆ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ದೂರದಿಂದ ಬ್ಯಾಂಡಿನ ಸದ್ದು ಗಾಳಿ ಬಂದಾಗ ಬಂದು ಹೋಗುತ್ತಿತ್ತು.

‘ದಸರಾ ಮುಗೀತು’ ಎಂದೆ.

‘ಊಂ.’

‘ನೀನು ಇಟ್ಕೊಂಡಿದ್ದು ಇನ್ನೆರಡೇ ಹಲಗೆ. ಆಮೇಲೆ ಬರ್ತೀಯೋ ಇಲ್ವೋ? ಸರಿಯಾಗಿ ಹೇಳ್ಬಿಡು.’

ಅವಳು ಪೇಪರಿನ ಅಂಚು ಸರಿ ಮಾಡಿದಳು. ‘ಬರ್ದೇ ಇರ್ತೀನಾ? ಎಷ್ಟು ಉಜ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಆ ಗ್ರೈಂಡರ್‌ಗೇನು ಗೊತ್ತು? ಭಾವಂಗೂ ಗೊತ್ತಿಲ್ಲ. ಇವತ್ತು ನಾನ್ ಇಲ್ದೇ ಇದ್ದಿದ್ರೆ ಇನ್ನೊಂದು ಸಲ ಆಕಿ ಆನೇನೇ ಮುಗಿಸ್ತಿದ್ರು.’

‘ನೀನಿಲ್ದೇ ಇದ್ದಿದ್ರೆ ಆನೆ ಹಳದೀನೇ ಆಗ್ತಿರ್ಲಿಲ್ಲ.’

‘ಅದೂ ಸರಿ’ ಎಂದು ಜೋರಾಗಿ ನಕ್ಕಳು. ಕೊಡೆ ವಾಲಿತು. ಎಷ್ಟೋ ದಿನದ ಮೇಲೆ ಅವಳ ಆ ನಗು ಕೇಳಿದೆ.

ಮೂರನೆಯ ದಿನ ಮಧ್ಯಾಹ್ನಕ್ಕೆ ಐರಾವತ ಬೆಳ್ಳಗಾಯಿತು. ಹಿಂದಿನ ಬಿಳುಪಲ್ಲ, ಕೆನೆಯಂತೆ ಸ್ವಲ್ಪ ಮೆತ್ತಗಿನ ಬಿಳುಪು. ಮನೆಯವರು ಇದೇ ಚೆಂದ ಎಂದರು. ಉರುಳೆಗೆ ಹೊಸ ಕಾಗದ ಸುತ್ತಿದೆವು. ಈಗ ಯಂತ್ರದ ಈ ಕಡೆ ನಿಂತು ಹಲಗೆ ತಳ್ಳುವುದು ನಾನು, ಆ ಕಡೆ ಕೂತು ಅದನ್ನು ಬರಮಾಡಿಕೊಳ್ಳುವುದು ಅವಳು. ಪ್ರತಿ ಸಲವೂ ಅಂಗೈ ಆಡಿಸಿ, ‘ಇನ್ನೊಂದು’ ಅಥವಾ ‘ಸಾಕು’ ಅನ್ನುತ್ತಾಳೆ. ಸಾಕು ಎಂದ ಮೇಲೆ ನಮ್ಮ ಮನೆಯವರೂ ಎದುರು ಮಾತಾಡುವುದಿಲ್ಲ. ಅವಳ ಮಣಿಕಟ್ಟಿನ ಊತ ಇಳಿದಿದೆ.

ಯಂತ್ರದಲ್ಲಿ ಆಗದ ಒಂದು ಕೆಲಸ ಉಳಿಯಿತು. ಪಾಲಿಶ್‌ಗೆ ಮುಂಚೆ ನುಣುಪಾದ ಕಾಗದದಲ್ಲಿ, ಮರದ ಎಳೆಯ ಜಾಡು ಹಿಡಿದು, ಕೊನೆಯ ಸಲ ಕೈಯಲ್ಲೇ ಉಜ್ಜಬೇಕು. ಅವಳು ಉಜ್ಜುವಂತಿಲ್ಲ. ಒಂದು ಬೆಳಗ್ಗೆ ಉಪ್ಪು ಕಾಗದದ ತುಂಡನ್ನು ನನ್ನ ಮೇಜಿನ ಮೇಲೆ, ಅರ್ಧ ಬರೆದ ಕಾಗದದ ಮೇಲೆಯೇ ಇಟ್ಟಳು.

‘ನನಗೆ ಬರಲ್ಲ ಕಣೇ.’

‘ಗ್ರೈಂಡರ್ ಒಟ್ಟೆ ಬಗ್ಯೋರಿಗೆ ಇದು ಬರಲ್ವಾ? ಏಳಿ.’

ಪೆನ್ನು ಮುಚ್ಚಿಟ್ಟು ಅವಳ ಹಳೇ ಜಾಗದಲ್ಲಿ ಕೂತೆ. ಅವಳು ಬೆನ್ನ ಹಿಂದೆ ನಿಂತು ನನ್ನ ಕೈ ಹಿಡಿದು ನಡೆಸಿದಳು. ಒತ್ತಬೇಡಿ, ಉಗುರು ತಾಗಿಸಬೇಡಿ, ಅಡ್ಡಕ್ಕೆ ಹೋಗಬೇಡಿ. ನೀಡಲ್‌ವರ್ಕಿನ ಸಿಸ್ಟರ್ ಕೂಡ ನನ್ನನ್ನು ಅಷ್ಟು ಬೈದಿರಲಿಲ್ಲ. ಅರ್ಧ ಗಂಟೆಯ ಮೇಲೆ ನಾನು ಹಲಗೆಯನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಂಡು, ‘ಮುಗೀತು, ಇನ್ನು ಲೆಟರ್ ಬರೀಬೇಕು’ ಎಂದು ಏಳಲು ಹೋದೆ. ಭುಜ ಒತ್ತಿ ಕೂರಿಸಿದಳು.

‘ಲೆಟರ್ ನಾಳೆ ಬರೀರಿ. ಈ ಮೂಲೆ ಇನ್ನೂ ಎದ್ದದೆ.’

‘ಎಲ್ಲಿ? ನನಗೆ ಕಾಣಿಸ್ತಿಲ್ಲ.’

‘ಕಣ್ ಮುಚ್ಕೊಂಡ್ ನೋಡಿ.’

ಮುಚ್ಚಿದೆ. ಅಂಗೈಯನ್ನು ಮೆಲ್ಲಗೆ, ಅವಳು ಆಡಿಸುವ ಹಾಗೆಯೇ, ಮೂಲೆಯ ತನಕ ಆಡಿಸಿದೆ. ಇತ್ತು. ಒಂದು ಕೂದಲಷ್ಟು.